ಬೀಗದ ಕೈ ನನ್ನ ಹತ್ರ ಇತ್ತು

ಒಂದು ಶನಿವಾರ ಬೆಳಗಿನ ಜಾವ ಅಲಾರಂ ಹೊಡೆಯಿತು. ಆಫ್ ಮಾಡಿ ಮಗ್ಗುಲು ಬದಲಿಸಿದೆ. ಹೊರಗೆ ಜೋರು ಮಳೆ. 'ಇಂಥ ಮಳೆಯಲ್ಲಿ ಯಾರು ಬರ್ತಾರೆ ಬಿಡು' ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಬಳವಿಲ್ಲದ ಕೆಲಸ. ಒಂದು ದಿನ ಹೋಗದಿದ್ದರೆ ಸಂಬಳ ಹಿಡಿಯುವ ಮಾತೇ ಇಲ್ಲ, ಅಲ್ವಾ?

ಏಳು ಗಂಟೆಗೆ ಎದ್ದು ಫೋನ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಆಗ ನೆನಪಾಯಿತು. ನಮ್ಮ ನಗರದ ಕ್ರೀಡಾಕೇಂದ್ರದ ಹಾಲಿನ ಬೀಗದ ಕೈ ಹಿಂದಿನ ಸಂಜೆಯಿಂದ ನನ್ನ ಬ್ಯಾಗಿನಲ್ಲೇ ಇತ್ತು.

ಓಡಿದೆ. ಬಾಗಿಲ ಮುಂದಿನ ಸಣ್ಣ ಸೂರಿನ ಕೆಳಗೆ ಹತ್ತು ಹನ್ನೆರಡು ಜನ ಒತ್ತಿಕೊಂಡು ನಿಂತಿದ್ದರು. ಇನ್ನು ಕೆಲವರು ಕಾದು ಕಾದು ಆಗಲೇ ಮನೆಗೆ ಹೋಗಿದ್ದರು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಯಾರೂ ಬೈಯಲಿಲ್ಲ. ಹಿರಿಯರ ಕುರ್ಚಿ ವ್ಯಾಯಾಮಕ್ಕೆ ಬರುವ ಅಜ್ಜಿಯೊಬ್ಬರು ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತಿದ್ದರು. ನನ್ನ ಮುಖ ನೋಡಿ, "ಏನಾಯ್ತು, ಹುಷಾರಿಲ್ವಾ? ನೀನು ಯಾವತ್ತೂ ತಪ್ಪಿಸೋದಿಲ್ಲವಲ್ಲ, ಗಾಬರಿಯಾಯ್ತು" ಅಂದರು.

ಬೈದಿದ್ದರೇ ಚೆನ್ನಾಗಿತ್ತು.

ಈ ಕೆಲಸಕ್ಕೆ ಸೇರಿದಾಗ ನನ್ನ ತಲೆಯಲ್ಲಿ ಬೇರೆಯದೇ ಚಿತ್ರ ಇತ್ತು. ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡಿದ್ದೆ. ವಾರಕ್ಕೆ ಎರಡು ದಿನ ಹೋಗಿ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ, ಅವರು 'ಸರಿಯಾಗಿ ಬಂತಾ?' ಅಂತ ನನ್ನ ಕಡೆ ನೋಡುತ್ತಾರೆ, ಹೀಗೆಲ್ಲ. ಕೇಂದ್ರ ನೋಡಿಕೊಳ್ಳುವ ಮೇಡಂ ನನ್ನ ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, "ಕಲಿಸೋಕೆ ಕೋಚ್ ಇದ್ದಾರೆ. ನೆಟ್ ಕಟ್ಟೋಕೆ ಯಾರೂ ಇಲ್ಲ" ಅಂದರು.

ಹಾಗೆ ನಾನು ನೆಟ್ ಕಟ್ಟುವವರ ಪೈಕಿ ಸೇರಿದೆ.

ನೆಟ್ ಕಟ್ಟೋದರಲ್ಲಿ ಏನಿದೆ ಅಂದುಕೊಂಡಿದ್ದೆ. ಮೊದಲ ದಿನ ಎರಡು ಕಂಬಕ್ಕೂ ಜಗ್ಗಿ, ಬಟ್ಟೆ ಒಣಗಿಸುವ ಹಗ್ಗದ ಹಾಗೆ ಸೆಟೆದು ನಿಲ್ಲುವಂತೆ ಬಿಗಿದೆ. ನೋಡಲು ಬಹಳ ಚಂದ ಇತ್ತು. ಆಡಲು ಬಂದ ಒಬ್ಬರು ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿದರು. "ಮಧ್ಯದಲ್ಲಿ ಒಂದು ಇಂಚು ಇಳೀಬೇಕು" ಅಂದರು. ನನಗೆ ಒಳಗೊಳಗೇ ಸಿಟ್ಟು. ಒಂದು ಇಂಚಿಗೆ ಇಷ್ಟು ರಗಳೆಯಾ? ಆದರೆ ಅವರು ಹೇಳಿದ್ದು ಅಳತೆಗೆ ಸರಿ. ಕಂಬದ ಹತ್ತಿರ ನೆಟ್‌ನ ಎತ್ತರ 1.55 ಮೀಟರ್, ಅಂದರೆ ಐದು ಅಡಿ ಒಂದು ಇಂಚು. ಮಧ್ಯದಲ್ಲಿ 1.524 ಮೀಟರ್, ಸರಿಯಾಗಿ ಐದು ಅಡಿ. ಇಷ್ಟು ವರ್ಷ ಆ ನೆಟ್ ಮೇಲೆ ಶಟಲ್ ಹೊಡೆದವರಿಗೆ ಅದು ನಡುವೆ ಇಳಿದಿದೆ ಅನ್ನೋದೇ ಗೊತ್ತಿರಲಿಲ್ಲ. ನನ್ನ ಬಗ್ಗೆಯೇ ಹೇಳುತ್ತಿದ್ದೇನೆ.

ಸ್ಟೋರ್ ರೂಮಿನ ಮೂಲೆಯಲ್ಲಿ ಒಂದು ಹಳೆಯ ಮಾಪ್ ಕೋಲು ಇದೆ. ಯಾರೋ ಅದರ ಮೇಲೆ ಐದು ಅಡಿಗೆ ಕೆಂಪು ಟೇಪ್ ಸುತ್ತಿದ್ದಾರೆ. ನನಗಿಂತ ಮುಂಚೆ ಇದ್ದ ವಾಲಂಟಿಯರ್ ಇರಬೇಕು. ಈಗ ನಾನೂ ಅದನ್ನೇ ನೆಟ್ ನಡುವೆ ನಿಲ್ಲಿಸಿ ನೋಡುತ್ತೇನೆ. ಟೇಪ್ ಮಾಸಿದಾಗ ಹೊಸದು ಸುತ್ತುತ್ತೇನೆ.

ಅದೇ ಹಾಲಿನಲ್ಲಿ ಬುಧವಾರ ವಾಲಿಬಾಲ್. ನೆಟ್ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಗೋಡೆಯಲ್ಲಿ ಬಾಸ್ಕೆಟ್‌ಬಾಲ್ ರಿಂಗ್, ಹತ್ತು ಅಡಿ ಎತ್ತರದಲ್ಲಿ. ನೆಲದ ಮೇಲೆ ನಾಲ್ಕು ಬಣ್ಣದ ಗೆರೆಗಳು ಒಂದರ ಮೇಲೊಂದು ಹಾದುಹೋಗಿವೆ. ಹೊಸಬರು ಯಾವ ಗೆರೆ ಯಾವ ಆಟದ್ದು ಅಂತ ತಲೆ ಕೆರೆದುಕೊಳ್ಳುತ್ತಾರೆ. ಆ ಹತ್ತು ಅಡಿಯ ಕಥೆ ನನಗೆ ಬಹಳ ಇಷ್ಟ. 1891ರ ಡಿಸೆಂಬರ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟರು ಚಳಿಗಾಲದಲ್ಲಿ ಒಳಗೇ ಆಡಬಹುದಾದ ಒಂದು ಆಟ ಯೋಚಿಸುತ್ತಿದ್ದರು. ಕಟ್ಟಡ ನೋಡಿಕೊಳ್ಳುವವರ ಹತ್ತಿರ ಎರಡು ಪೆಟ್ಟಿಗೆ ಕೇಳಿದರು. ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣಿನ ಬುಟ್ಟಿ ಇವೆ, ಆಗುತ್ತಾ ಅಂದರಂತೆ. ಅದನ್ನು ಜಿಮ್‌ನ ಬಾಲ್ಕನಿಗೆ ಮೊಳೆ ಹೊಡೆದರು. ಬಾಲ್ಕನಿ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ, ರಿಂಗ್ ಇವತ್ತಿಗೂ ಅಲ್ಲೇ ಇದೆ. ಕಟ್ಟಡ ನೋಡಿಕೊಳ್ಳುವವರು ಅವತ್ತು ಪೆಟ್ಟಿಗೆ ಹುಡುಕಿ ಕೊಟ್ಟಿದ್ದರೆ ಈ ಆಟಕ್ಕೆ 'ಬಾಕ್ಸ್‌ಬಾಲ್' ಅನ್ನಬೇಕಿತ್ತೇನೋ.

ನೆಟ್ ಕಟ್ಟೋದು ಕಲಿತದ್ದು ಒಂದು ವಾರದಲ್ಲಿ. ಕಷ್ಟ ಇದ್ದದ್ದು ಸರದಿಯಲ್ಲಿ.

ನಮ್ಮಲ್ಲಿ ಎರಡು ಬ್ಯಾಡ್ಮಿಂಟನ್ ಅಂಕಣ. ಸಂಜೆ ಮೂವತ್ತು ಜನ ಬರುತ್ತಾರೆ. ಬಂದವರು ಗೋಡೆಯ ಕೊಕ್ಕೆಗೆ ರ್‍ಯಾಕೆಟ್ ತೂಗುಹಾಕಬೇಕು, ಅದೇ ಸರದಿ. ನಿಯಮ ಮೊದಲಿಂದಲೂ 'ಗೆದ್ದವರು ನಿಲ್ಲೋದು, ಸೋತವರು ಹೊರಗೆ'. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಚೆನ್ನಾಗಿ ಆಡುವ ನಾಲ್ಕೈದು ಜನ ಸೇರಿದರೆ ಏನಾಗುತ್ತೆ? ಅವರೇ ಗೆಲ್ಲುತ್ತಾರೆ, ಅವರೇ ನಿಲ್ಲುತ್ತಾರೆ. ಉಳಿದವರು ಒಂದು ಗೇಮ್ ಸೋತು ಮತ್ತೆ ನಲವತ್ತು ನಿಮಿಷ ಬೆಂಚು ಕಾಯುತ್ತಾರೆ. ಆಡಿ ಆಡಿ ಬಲ್ಲವರು ಇನ್ನೂ ಬಲ್ಲವರಾಗುತ್ತಾರೆ. ಬಾರದವರು ಬಾರದವರಾಗಿಯೇ ಉಳಿಯುತ್ತಾರೆ, ಆಮೇಲೆ ಕೇಂದ್ರಕ್ಕೂ ಬಾರದವರಾಗುತ್ತಾರೆ.

ಒಬ್ಬ ಹುಡುಗಿ ಬರುತ್ತಿದ್ದಳು. ಹನ್ನೆರಡೋ ಹದಿಮೂರೋ ವಯಸ್ಸು. ರ್‍ಯಾಕೆಟ್ಟನ್ನು ಕೊಕ್ಕೆಗೆ ಹಾಕುತ್ತಲೇ ಇರಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಮೂರು ಸಂಜೆ ಸುಮ್ನೆ ನೋಡಿದೆ. ನಾಲ್ಕನೇ ಸಂಜೆ ಯಾಕೆ ಹಾಕಲ್ಲ ಅಂತ ಕೇಳಿದೆ. "ಹಾಕಿದ್ರೆ ಅವರು ಅದನ್ನ ಹಿಂದೆ ಸರಿಸಿ ತಮ್ದು ಹಾಕ್ತಾರೆ" ಅಂದಳು. ದೂರು ಹೇಳುವ ದನಿಯೇ ಅಲ್ಲ ಅದು. ಹೊರಗೆ ಮೋಡ ಆಗಿದೆ ಅಂತ ಹೇಳಿದ ಹಾಗಿತ್ತು.

ನನಗೆ ಧೈರ್ಯ ಕಡಿಮೆ, ಒಪ್ಪಿಕೊಳ್ಳುತ್ತೇನೆ. ನಾನು ಹೋಗಿ ಮೇಡಂಗೆ ಹೇಳಿದೆ. ಮರುದಿನ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದರು: 21 ಪಾಯಿಂಟ್‌ನ ಒಂದು ಗೇಮ್. ಮುಗಿದ ಮೇಲೆ ನಾಲ್ವರೂ ಹೊರಗೆ. ಬರೆದು ಅವರು ಆಫೀಸಿಗೆ ಹೋದರು. ಬೋರ್ಡಿನ ಪಕ್ಕ ನಿಂತು ಎಲ್ಲರ ಕೆಂಗಣ್ಣಿಗೆ ಗುರಿಯಾಗುವ ಕೆಲಸ ನನ್ನ ಪಾಲಿಗೆ ಬಂತು. "ನಾವು ಹತ್ತು ವರ್ಷದಿಂದ ಬರ್ತಿದ್ದೀವಿ ರೀ. ನೀವು ಬಂದು ಎಷ್ಟು ತಿಂಗಳಾಯ್ತು?" ಅಂದರು ಒಬ್ಬರು. ಅವರ ಮಾತಿನಲ್ಲೂ ಸತ್ಯ ಇತ್ತು. ಕೆಲಸ ಮುಗಿಸಿ ದಣಿದು ಬಂದವರಿಗೆ ಒಂದು ಗಟ್ಟಿ ಆಟ ಬೇಕಿರುತ್ತೆ, ಹೊಸಬರ ಜೊತೆ ತಟ್ಟಿ ತಟ್ಟಿ ಆಡಿದರೆ ಬೆವರು ಬರಲ್ಲ. ಎರಡು ವಾರ ಜಗಳ, ಮುನಿಸು, ಒಂದು ದಿನ ಇಡೀ ಗುಂಪು ಬರಲೇ ಇಲ್ಲ. ಕೊನೆಗೆ ಒಂದು ಒಪ್ಪಂದ ಆಯಿತು. ಕೊನೆಯ ಒಂದು ಗಂಟೆ ಎರಡನೇ ಅಂಕಣದಲ್ಲಿ ಹಳೆಯ ನಿಯಮ, ಉಳಿದೆಲ್ಲ ಹೊತ್ತು ಹೊಸದು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅಸಮಾಧಾನ ಉಳಿದಿದೆ, ಹಾಗಾಗಿ ಸರಿಯಾಗಿಯೇ ಇದೆ ಅಂದುಕೊಳ್ಳುತ್ತೇನೆ.

ಹುಡುಗಿ ಈಗ ರ್‍ಯಾಕೆಟ್ ಕೊಕ್ಕೆಗೆ ಹಾಕುತ್ತಾಳೆ. ಇನ್ನೂ ಸೋಲುತ್ತಾಳೆ. ಆದರೆ ಸಂಜೆಗೆ ಮೂರು ಸಲ ಸೋಲುತ್ತಾಳೆ, ಮೊದಲು ಒಂದು ಸಲವೂ ಇರಲಿಲ್ಲ.

ನಗರಗಳಲ್ಲಿ ಇಂಥ ಜಾಗಗಳು ಹೇಗೆ ಶುರುವಾದವು ಅಂತ ಕುತೂಹಲಕ್ಕೆ ಓದುತ್ತಾ ಹೋದಾಗ ಒಂದು ಮರಳಿನ ರಾಶಿ ಸಿಕ್ಕಿತು. 1880ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ಇಕ್ಕಟ್ಟಾದ ಕೇರಿಯೊಂದರ ಪ್ರಾರ್ಥನಾ ಮಂದಿರದ ಅಂಗಳದಲ್ಲಿ, ಮಕ್ಕಳಿಗೆ ಅಂತ ಮರಳು ಸುರಿದರು. ಅಷ್ಟೇ. ಬರ್ಲಿನ್‌ನಲ್ಲಿ ಅಂಥದ್ದನ್ನು ನೋಡಿದ್ದ ಮರೀ ಜಾಕ್ರ್ಜೆವ್ಸ್ಕಾ ಅನ್ನುವ ವೈದ್ಯೆ ಕೊಟ್ಟ ಸಲಹೆ ಅದು. ಅಮೆರಿಕದ ಸಾರ್ವಜನಿಕ ಆಟದ ಮೈದಾನಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆ ಮರಳಿನಿಂದಲೇ ಶುರು ಮಾಡುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮರಳು ಸುರಿದು ಬಿಟ್ಟು ಹೋಗಲಿಲ್ಲ ಅವರು. ಮೊದಲು ಆ ಕೇರಿಯ ಹೆಂಗಸರೇ ಪಕ್ಕದಲ್ಲಿ ನಿಂತು ನೋಡಿಕೊಂಡರು. ಆಮೇಲೆ ಆ ಕೆಲಸಕ್ಕೆ ಸಂಬಳ ಕೊಟ್ಟು ಹೆಂಗಸರನ್ನು ಇಟ್ಟರು. ಮರಳಿನ ಪಕ್ಕ ಒಬ್ಬರು ನಿಂತಿರಬೇಕು ಅನ್ನೋದು ಅವತ್ತೇ ಗೊತ್ತಿತ್ತು. ಯಾವಾಗ ಆ ಒಬ್ಬರಿಗೆ ಸಂಬಳ ಕೊಡಬೇಕು ಅನ್ನೋದೂ ಗೊತ್ತಿತ್ತು.

ಈ ಕೊನೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ.

ನಮ್ಮ ಕೇಂದ್ರದಲ್ಲಿ ಈಜುಕೊಳ ಇದೆ. ಒಂದು ಬೇಸಿಗೆಯಲ್ಲಿ ಲೈಫ್‌ಗಾರ್ಡ್‌ಗಳು ಸಾಲದೆ ಬಂದಾಗ, ಮೀಟಿಂಗಿನಲ್ಲಿ ಯಾರೋ "ವಾಲಂಟಿಯರ್‌ಗಳನ್ನು ಕೂರಿಸಿದರೆ ಆಗಲ್ವಾ? ನೋಡ್ತಾ ಕೂರೋದು ತಾನೇ?" ಅಂದರು. ನಾನೂ ಕೈ ಎತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಿರಿಯ ಲೈಫ್‌ಗಾರ್ಡ್ ನನ್ನನ್ನು ಕೇಳಿದರು: "ಮುಳುಗುವವರು ಹೇಗೆ ಕಾಣ್ತಾರೆ ಹೇಳಿ ನೋಡೋಣ." ಕೈ ಬೀಸುತ್ತಾರೆ, ಕೂಗುತ್ತಾರೆ ಅಂದೆ. "ಅದು ಸಿನಿಮಾದಲ್ಲಿ" ಅಂದರು.

ಆಮೇಲೆ ಅವರು ಹೇಳಿದ್ದು ನೆನೆದರೆ ಇನ್ನೂ ಮೈ ಜುಂ ಅನ್ನಿಸುತ್ತೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಅನ್ನುವವರು ನಿಜವಾಗಿ ಮುಳುಗುತ್ತಿದ್ದವರನ್ನು ಗಮನಿಸಿ ದಾಖಲಿಸಿದ ವಿವರ ಅದು. ಉಸಿರಿಗೆ ಒದ್ದಾಡುವಾಗ ಕೂಗಲು ಆಗುವುದಿಲ್ಲ. ಬಾಯಿ ನೀರಿನ ಮೇಲೆ ಬರುತ್ತೆ, ಒಂದು ಗುಟುಕು ಗಾಳಿ ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಕೆಳಗೆ ಹೋಗುತ್ತೆ. ಕೈಗಳು ತಾವಾಗಿಯೇ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ, ಬೀಸಲು ಬರುವುದಿಲ್ಲ. ದೇಹ ನೆಟ್ಟಗೆ ನಿಂತ ಹಾಗಿರುತ್ತೆ. ಹೀಗೆ 20ರಿಂದ 60 ಸೆಕೆಂಡು. ದೂರದಿಂದ ನೋಡಿದವರಿಗೆ ಮಗು ಸುಮ್ಮನೆ ನೀರಿನಲ್ಲಿ ನಿಂತು ಮೇಲೆ ನೋಡುತ್ತಿದೆ ಅನ್ನಿಸಬಹುದು.

ನಾನು ಎತ್ತಿದ ಕೈ ಇಳಿಸಿದೆ. ಈಜುಕೊಳದ ಪಕ್ಕದ ಆ ಎತ್ತರದ ಕುರ್ಚಿಗೆ ತರಬೇತಿ ಬೇಕು, ಪರೀಕ್ಷೆ ಬೇಕು, ಸಂಬಳ ಬೇಕು. ದುಡ್ಡು ಉಳಿಸಲು ಅಲ್ಲಿ ಒಳ್ಳೆಯ ಮನಸ್ಸಿನವರನ್ನು ಕೂರಿಸುವುದು ತಪ್ಪು. ಸ್ವಯಂಸೇವೆ ಅಂದರೆ ನನಗೆ ಬಹಳ ಪ್ರೀತಿ, ಆದರೆ ಅದನ್ನು ಒಬ್ಬರ ಸಂಬಳ ಕತ್ತರಿಸುವ ಕತ್ತರಿಯಾಗಿ ಬಳಸುವುದು ನೋಡಿದರೆ ಮೈ ಉರಿಯುತ್ತೆ. ಈಜುಕೊಳದಲ್ಲಿ ಈಗ ನನ್ನ ಕೆಲಸ ಬಾಗಿಲ ಹತ್ತಿರ ನಿಂತು 'ಮೊದಲು ಸ್ನಾನ ಮಾಡಿ ಬನ್ನಿ' ಅಂತ ಹೇಳೋದು. ಘಾಟು ವಾಸನೆ ಜಾಸ್ತಿ ಬಂದರೆ ನೀರಿಗೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಅಂತ ತಿಳಿದಿದ್ದೆ. ಹಾಗಲ್ಲವಂತೆ. ಕ್ಲೋರಿನ್ ನಮ್ಮ ಬೆವರು ಮತ್ತು ಮೂತ್ರದ ಜೊತೆ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು. ಕಣ್ಣು ಉರಿಯುವುದೂ ಮುಖ್ಯವಾಗಿ ಅದರಿಂದಲೇ. ಈ ಮಾತನ್ನು ಬಾಗಿಲಲ್ಲಿ ಒಬ್ಬರಿಗೆ ಹೇಳಿದರೆ ಸಾಕು, ಹಿಂದೆ ನಿಂತ ಹತ್ತು ಜನ ತಾವಾಗಿಯೇ ಶವರ್ ಕಡೆ ತಿರುಗುತ್ತಾರೆ.

ಫಾರಂ ತುಂಬಿಸುವಾಗಲೂ ಹೀಗೆಯೇ ನನ್ನ ಅಹಂಕಾರಕ್ಕೆ ಪೆಟ್ಟು ಬಿದ್ದಿತ್ತು. ಬಿಟ್ಟಿ ಕೆಲಸ ಮಾಡೋಕೆ ಬಂದವರಿಗೆ ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ, ನನ್ನನ್ನು ಬಲ್ಲ ಇಬ್ಬರ ಹೆಸರು! ಒಂದು ನಿಯಮ ಅಂತೂ ಅತಿ ಅನ್ನಿಸಿತ್ತು: ದೊಡ್ಡವರು ಯಾರೂ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಒಂದು ರಾತ್ರಿ ಎಲ್ಲರೂ ಹೋದ ಮೇಲೂ ಆರು ವರ್ಷದ ಹುಡುಗನೊಬ್ಬ ಉಳಿದ. ಅಪ್ಪ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ನೆಲ ಒರೆಸುವ ಅಕ್ಕನ ಕೆಲಸ ಮುಗಿದಿತ್ತು, ಆದರೂ ಹೋಗಲಿಲ್ಲ. "ನಾನೂ ಕೂರ್ತೀನಿ" ಅಂತ ಮಾಪ್ ಗೋಡೆಗೆ ಒರಗಿಸಿದರು. ಮೂವರೂ ಬಾಗಿಲ ಬೆಳಕಿನಲ್ಲಿ ಮೆಟ್ಟಿಲ ಮೇಲೆ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ಬಣ್ಣ ಎಣಿಸಿದೆವು. ಬಿಳಿಯದು ಗೆದ್ದಿತು. ಅಪ್ಪ ಓಡಿಬಂದು ಇಬ್ಬರು ಕಾದಿರುವುದನ್ನು ನೋಡಿದಾಗ ಅವರ ಮುಖ ಸಡಿಲವಾದ ರೀತಿ ಕಂಡು, ಆ ನಿಯಮ ಯಾರಿಗಾಗಿ ಅಂತ ಅರ್ಥವಾಯಿತು.

ಮಳೆಯ ಶನಿವಾರದ ಮಾತು ಬಿಟ್ಟು ಎಲ್ಲೆಲ್ಲೋ ಹೋದೆ. ಅವತ್ತು ಬಾಗಿಲು ತೆಗೆದ ಮೇಲೆ ಅಜ್ಜಿಯ ಕ್ಲಾಸಿಗೆ ಕುರ್ಚಿ ಜೋಡಿಸಿದೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು, ಇಲ್ಲದಿದ್ದರೆ ಕೂರುವಾಗ ಹಿಂದೆ ಜಾರುತ್ತೆ. ಅಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಪರೀಕ್ಷೆ ಇರುತ್ತೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು ಅಂತ ಎಣಿಸೋದು. ಕಾಲಿನ ಬಲ ಎಷ್ಟಿದೆ ಅಂತ ತಿಳಿಯಲು ಎಲ್ಲ ಕಡೆ ಬಳಸುವ ಸುಲಭ ವಿಧಾನ. ಅವತ್ತು ಪರೀಕ್ಷೆಯ ದಿನ. ಅದಕ್ಕೇ ಅಜ್ಜಿ ಮಳೆಯಲ್ಲೂ ಬಂದದ್ದು. ಹಿಂದಿನ ಸಲ ಅವರದ್ದು ಏಳು. ನಾನು ಸ್ಟಾಪ್‌ವಾಚ್ ಹಿಡಿದೆ. ಎಂಟು, ಒಂಬತ್ತು. ಹತ್ತನೆಯದಕ್ಕೆ ಮೊಣಕಾಲು ನಡುಗಿತು. "ಈ ಕಾಲು ನನ್ನ ಮಾತು ಕೇಳಲ್ಲ ಮಾರಾಯಾ" ಅಂತ ನಗುತ್ತಲೇ ಎದ್ದು ನಿಂತರು. ಹತ್ತು! ನಾನು ಬರದೇ ಇದ್ದಿದ್ದರೆ ಆ ಹತ್ತು ಎಲ್ಲಿ ಹೋಗುತ್ತಿತ್ತು ಅಂತ ಯೋಚಿಸುತ್ತಾ ರಿಜಿಸ್ಟರಿನಲ್ಲಿ ಬರೆದೆ.

ಪಾರ್ಕ್‌ರನ್ ಅಂತ ಒಂದಿದೆ, ಕೇಳಿರಬಹುದು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ ಓಡಿದ್ದರಿಂದ ಶುರುವಾಗಿ ಈಗ ಎಷ್ಟೋ ದೇಶಗಳಲ್ಲಿ ವಾರ ವಾರ ನಡೆಯುವ ಐದು ಕಿಲೋಮೀಟರ್ ಓಟ. ದುಡ್ಡಿಲ್ಲ, ಎಲ್ಲ ವಾಲಂಟಿಯರ್‌ಗಳೇ ನಡೆಸೋದು. ಅಲ್ಲಿ ಒಬ್ಬ ವಾಲಂಟಿಯರ್‌ನ ಕೆಲಸ ಎಲ್ಲರಿಗಿಂತ ಹಿಂದೆ ನಡೆಯೋದು. ಯಾರು ಎಷ್ಟೇ ನಿಧಾನ ಹೋದರೂ ಅವರ ಹಿಂದೆ ಇನ್ನೊಬ್ಬರು ಇದ್ದೇ ಇರುತ್ತಾರೆ. ಕೊನೆಯಲ್ಲಿ ಬರೋದೇ ಡ್ಯೂಟಿ. ಇದನ್ನು ಯೋಚಿಸಿದವರಿಗೆ ಒಂದು ನಮಸ್ಕಾರ.

ಕಳೆದ ತಿಂಗಳು ನಮ್ಮ ಹಾಲಿನಲ್ಲಿ ಮೊದಲ ಸಲ ಗೋಲ್‌ಬಾಲ್ ಇಟ್ಟುಕೊಂಡೆವು. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪಿಸಿದ ಆಟ. ಆಸ್ಟ್ರಿಯಾದ ಹಾನ್ಸ್ ಲೊರೆನ್ಜೆನ್, ಜರ್ಮನಿಯ ಸೆಪ್ ರೈಂಡ್ಲೆ ಇಬ್ಬರು ಸೇರಿ ಮಾಡಿದ್ದು. ಒಂದು ಕಡೆಗೆ ಮೂವರು. ಸ್ವಲ್ಪ ದೃಷ್ಟಿ ಇದ್ದವರೂ ಇಲ್ಲದವರೂ ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಬೇಕು. ಚೆಂಡಿನ ತೂಕ 1.25 ಕಿಲೋ, ಒಳಗೆ ಗೆಜ್ಜೆ. ಸದ್ದು ಕೇಳಿಯೇ ಹಿಡಿಯಬೇಕು, ಅದಕ್ಕೆ ಆಟ ನಡೆಯುವಾಗ ಹಾಲಿನಲ್ಲಿ ಯಾರೂ ಉಸಿರೆತ್ತಬಾರದು.

ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಅಂದರೆ ನಮ್ಮ ವಾಲಿಬಾಲ್ ಅಂಕಣದಷ್ಟೇ. ಹಾಗಾಗಿ ಅಳತೆ ಕಷ್ಟ ಇರಲಿಲ್ಲ. ಆದರೆ ಗೆರೆಗಳು ಕೈಗೆ ಸಿಗಬೇಕು. ಅದಕ್ಕೆ ಗೆರೆಯ ಉದ್ದಕ್ಕೂ ದಾರ ಎಳೆದು, ಅದರ ಮೇಲೆ ಟೇಪ್ ಅಂಟಿಸುತ್ತಾರೆ. ಬೆರಳು ಆಡಿಸಿದರೆ, ಪಾದ ಇಟ್ಟರೆ, ಉಬ್ಬು ತಿಳಿಯುತ್ತೆ. ನಾನೂ ಆ ರ್‍ಯಾಕೆಟ್ ಹುಡುಗಿಯೂ ಮಧ್ಯಾಹ್ನ ಪೂರ್ತಿ ಮಂಡಿಯೂರಿ ಕೂತು ಅಂಟಿಸಿದೆವು. ಅವಳು ದಾರ ಹಿಡಿದುಕೊಂಡು ಹಿಂದೆ ಹಿಂದೆ ಸರಿಯುತ್ತಾ ಹೋದಳು, ನಾನು ಹೆಬ್ಬೆರಳಿನಿಂದ ಟೇಪ್ ಒತ್ತುತ್ತಾ ಬಂದೆ. ನಾಲ್ಕು ಬಣ್ಣದ ಹಳೆಯ ಗೆರೆಗಳ ನಡುವೆ ನಮ್ಮ ಬಿಳಿ ಗೆರೆ. ಎದ್ದು ನಿಂತು ನೋಡಿದರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ಬೆನ್ನು ನೋವಾಗಿತ್ತು, ಆದರೆ ಹೆಮ್ಮೆಯೂ ಜಾಸ್ತಿ ಆಗಿತ್ತು. ಅವಳು ಫೋಟೋ ಕೂಡ ತೆಗೆದಳು.

ಸಂಜೆ ಆಟಗಾರರು ಬಂದರು. ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುವ ಮುಂಚೆ ಒಬ್ಬರು ನೆಲಕ್ಕೆ ಕೂತು, ತೋರುಬೆರಳನ್ನು ಗೆರೆಯ ಮೇಲೆ ಇಟ್ಟು ನಿಧಾನಕ್ಕೆ ಸವರುತ್ತಾ ಹೋದರು. ಅರ್ಧ ದಾರಿಯಲ್ಲಿ ಬೆರಳು ನಿಂತಿತು. ಹಿಂದೆ ಬಂತು. ಮತ್ತೆ ಮುಂದೆ ಹೋಯಿತು.

"ಇದನ್ನ ಅಂಟಿಸಿದ್ದು ಯಾರು?" ಅಂದರು.

ನಾವೇ ಅಂದೆವು, ಇಬ್ಬರೂ ಒಟ್ಟಿಗೆ.

"ಇಲ್ಲಿ ಸ್ವಲ್ಪ ಸೊಟ್ಟ ಇದೆ."

ಹುಡುಗಿ ನನ್ನ ಮುಖ ನೋಡಿದಳು. ನಾನು ಟೇಪ್ ತರಲು ಸ್ಟೋರ್ ರೂಮಿಗೆ ಹೋದೆ.